ಬಾರೇನಿಗೆ ಹೋದ ಮುತ್ತಜ್ಜ: ಮೂರು ವರ್ಷ ಹುಡುಕಿದೆ, ಹೆಸರೇ ಸಿಗುತ್ತಿಲ್ಲ

ಪಡುಕರೆ

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜಿಯ ಅಪ್ಪ ಗಲ್ಫಿಗೆ ಹೋಗಿದ್ದರು. ಈಗಿನ ಹಾಗೆ ವಿಮಾನ ಹತ್ತಿ ಅಲ್ಲ, ಮಂಗಳೂರು ಹಳೇ ಬಂದರಿನಿಂದ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಬಾರೇನಿಗೆ. ನಮ್ಮ ಮನೆಯಲ್ಲಿ ಯಾರೂ ಬಹರೈನ್ ಅನ್ನುವುದಿಲ್ಲ, ಬಾರೇನ್ ಅಂತಲೇ ಹೇಳುವುದು. ನಮ್ಮ ಊರು ಕಾಪು ಕಡೆ. ಊರಿನಿಂದ ಪಡುವಣ ಕಡಲು ದಾಟಿದವರಲ್ಲಿ ಅವರೇ ಮೊದಲಿಗರು ಅಂತ ಮನೆಯವರ ಹೆಮ್ಮೆ. ಅವರ ನಿಜವಾದ ಹೆಸರು ಇಲ್ಲಿ ಹಾಕುವುದಿಲ್ಲ, ತಿಮ್ಮಪ್ಪಜ್ಜ ಅಂತ ಇಟ್ಟುಕೊಳ್ಳಿ.

ನನ್ನ ಕೈಯಲ್ಲಿ ಇರುವುದು ಇಷ್ಟು. ಒಂದು ಖಾಲಿ ಲಕೋಟೆ, ಕಾಗದ ಇಲ್ಲ, ಸ್ಟ್ಯಾಂಪು ಮಾತ್ರ ಉಂಟು. ಒಂದು ತಗಡಿನ ಟ್ರಂಕು. ಟ್ರಂಕಿನೊಳಗೆ ಬೊಗಸೆಯಷ್ಟು ದೊಡ್ಡ ತಗಡಿನ ಬಟ್ಟಲು, ಸುತ್ತ ಹೂವಿನ ಎಸಳಿನ ಹಾಗೆ ಮಡಿಕೆ ಮಡಿಕೆ. ಚಿಕ್ಕವರಿದ್ದಾಗ ಅದರಲ್ಲಿ ಹೊಯ್ಗೆ ತುಂಬಿಸಿ ಕವುಚಿ ಹಾಕಿ ಆಡುತ್ತಿದ್ದೆವು.

ಮತ್ತೆ ಮೂರು ಮಾತು. ಒಂದು, ಮಾವ ಹೇಳುವುದು: "1925ರಲ್ಲಿ ಹೋದದ್ದು, ಬ್ರಿಟಿಷ್ ಕಂಪನಿಯಲ್ಲಿ ದೊಡ್ಡ ಆಫೀಸರ್." ಎರಡು, ಅಜ್ಜಿ ಹೇಳುತ್ತಿದ್ದುದು: "ಬಾರೇನಿಗೆ ಇಟಲಿಯವರು ಬಾಂಬ್ ಹಾಕಿದ್ದರು, ಅಪ್ಪ ಕಣ್ಣಾರೆ ನೋಡಿದ್ದರು." ಇದಕ್ಕೆ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಇಟಲಿ ಎಲ್ಲಿ, ಬಾರೇನ್ ಎಲ್ಲಿ ಅಲ್ವಾ? ಮೂರು, ಅವರು ಊರಿಗೆ ವಾಪಸ್ ಬಂದದ್ದು "ಹಡಗು ಮುಳುಗಿದ ವರ್ಷ". ಯಾವ ಹಡಗು ಅಂತ ಕೇಳಲು ಈಗ ಅಜ್ಜಿ ಇಲ್ಲ.

ಅಜ್ಜಿಯ ಮನೆಯ ಹಳೇ ಕಾಗದ ಎಲ್ಲ ಜಾಲಾಡಿದೆ. ಪಟ್ಟೆ, ತೀರ್ವೆ ರಶೀದಿ, 1974ರ ನಂತರ ಕೊಟ್ಟ ಫಾರಂ ನಂ. 7ರ (ಗೇಣಿಯ ಭೂಮಿ ತಮಗೆ ಬೇಕೆಂದು ಗೇಣಿದಾರರು ಹಾಕಿದ ಅರ್ಜಿ) ನಕಲು ಕೂಡ. ತಿಮ್ಮಪ್ಪಜ್ಜನ ಹೆಸರು ಒಂದು ಕಡೆಯೂ ಇಲ್ಲ. ಅಂಥವರೊಬ್ಬರು ಇರಲೇ ಇಲ್ಲವೇನೋ ಅನ್ನುವ ಹಾಗೆ. ಯಾರಾದರೂ ದಾರಿ ತೋರಿಸಿ.

ಬಂದರ್ ಬದಿ

ಹಡಗಿನ ವಿಷಯ ನಾನು ಹೇಳುತ್ತೇನೆ. ಬೊಂಬಾಯಿಯಿಂದ ಗಲ್ಫಿಗೆ ಓಡುತ್ತಿದ್ದುದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು. ಹಳಬರ ಬಾಯಲ್ಲಿ ಬರೀ "ಬೀಐ". ಕರಾಚಿ, ಮಸ್ಕತ್, ಬುಶೈರ್, ಬಹರೈನ್, ಕುವೈತ್ ಮುಟ್ಟಿ ಕೊನೆಗೆ ಬಸ್ರಾ. ನಿಮ್ಮಜ್ಜನಂಥವರು ಹೋಗುತ್ತಿದ್ದುದು ಡೆಕ್ ಪ್ಯಾಸೆಂಜರ್ ಆಗಿ. ಚಾಪೆ, ಟ್ರಂಕು, ಬುತ್ತಿ ಇಟ್ಟುಕೊಂಡು ಮೇಲ್ಗಡೆ ಮಲಗುವುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದವು ದ್ವಾರಕಾ, ದುಮ್ರಾ, ದಾರಾ, ದರೇಸಾ.

ಮುಳುಗಿದ್ದು ದಾರಾ. 1961ರ ಏಪ್ರಿಲ್ 8, ದುಬೈ ಹತ್ತಿರ. ಹಡಗಿನಲ್ಲಿ ಸ್ಫೋಟ ಆಗಿ ಬೆಂಕಿ ಹತ್ತಿತು, 238 ಜನ ಸತ್ತರು. ಎರಡು ದಿನದ ಮೇಲೆ ಹಡಗು ಮುಳುಗಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ವಾರ ಒಲೆ ಹೊತ್ತಿಸಿರಲಿಲ್ಲವಂತೆ, ನಮ್ಮವರು ಅದರಲ್ಲಿದ್ದರೋ ಇಲ್ಲವೋ ತಿಳಿಯದೆ. ನಿಮ್ಮ "ಹಡಗು ಮುಳುಗಿದ ವರ್ಷ" ಅದೇ ಇರಬೇಕು.

ಅಂಚೆಚೀಟಿ ಅಣ್ಣ

ಲಕೋಟೆಯ ಫೋಟೋ ಹಾಕಿ ಅಕ್ಕ. ಎರಡೇ ಪ್ರಶ್ನೆ. ಸ್ಟ್ಯಾಂಪಿನ ಮೇಲೆ ಯಾವ ರಾಜನ ತಲೆ? ಗಡ್ಡ ಇದೆಯಾ, ಇಲ್ಲವಾ? ಅದರ ಮೇಲೆ ಕಪ್ಪು ಶಾಯಿಯಲ್ಲಿ ಬೇರೆ ಏನಾದರೂ ಅಚ್ಚು ಹಾಕಿದ್ದಾರಾ?

ಪಡುಕರೆ

ಗಡ್ಡ ಇದೆ. ಇಂಡಿಯಾ ಪೋಸ್ಟೇಜ್ ಅಂತ ಉಂಟು. ಅದರ ಮೇಲೆ ಅಡ್ಡಕ್ಕೆ ಇಂಗ್ಲಿಷಿನಲ್ಲಿ ಬಹರೈನ್ ಅಂತ ಕಪ್ಪು ಅಕ್ಷರ. ತಾರೀಕಿನ ಮೊಹರು ಅರ್ಧ ಅಳಿಸಿದೆ.

ಅಂಚೆಚೀಟಿ ಅಣ್ಣ

ಹಾಗಾದರೆ 1925 ಬಿಡಿ. ಬಹರೈನಿನಲ್ಲಿ ನಮ್ಮ ಇಂಡಿಯಾ ಸರ್ಕಾರದ ಅಂಚೆ ಕಚೇರಿ 1884ರಿಂದಲೇ ಇತ್ತು. ಆದರೆ ಬಹಳ ಕಾಲ ಅಲ್ಲಿ ಬರೀ ಇಂಡಿಯಾ ಸ್ಟ್ಯಾಂಪು ಮಾರುತ್ತಿದ್ದರು. ಅದರ ಮೇಲೆ ಬಹರೈನ್ ಅಂತ ಅಚ್ಚು ಹಾಕಲು ಶುರು ಮಾಡಿದ್ದು 1933ರಲ್ಲಿ. ಗಡ್ಡದ ರಾಜ ಐದನೇ ಜಾರ್ಜ್. 1938ರಿಂದ ಗಡ್ಡ ಇಲ್ಲದ ಆರನೇ ಜಾರ್ಜ್ ಬಂದ. ಅಂದರೆ ನಿಮ್ಮ ಲಕೋಟೆ ಹೆಚ್ಚುಕಮ್ಮಿ 1933ರಿಂದ 1938ರ ಒಳಗಿನದು. ಅವರು ಅದಕ್ಕೂ ಮೊದಲೇ ಹೋಗಿರಬಹುದು ಅಂತ ಮಾವ ವಾದ ಮಾಡಬಹುದು, ಸರಿ. ಆದರೆ ಅಜ್ಜಿ ಹುಟ್ಟಿದ ವರ್ಷ ಯಾವುದು?

ಪಡುಕರೆ

ಶಾಲೆಯ ಸರ್ಟಿಫಿಕೇಟಿನಲ್ಲಿ 1935. ಅಯ್ಯೋ, ಈಗ ಹೊಳೆಯಿತು. "ಅಪ್ಪ ಹಡಗು ಹತ್ತುವಾಗ ನಾನು ಹೊಟ್ಟೆಯಲ್ಲಿದ್ದೆ, ನನ್ನನ್ನು ಮೊದಲು ನೋಡಿದ್ದು ನನಗೆ ನಾಲ್ಕು ವರ್ಷ ಆದ ಮೇಲೆ" ಅಂತ ಅಜ್ಜಿ ಹೇಳುತ್ತಿದ್ದರು. ನೂರು ಸಲ ಕೇಳಿದ್ದೇನೆ. ಒಂದು ಸಲವೂ ಲೆಕ್ಕ ಹಾಕಲಿಲ್ಲ.

ಮನಾಮ ಮೂಲೆ

ಈಗ ಕಥೆ ಕೂಡಿ ಬಂತು ನೋಡಿ. ನಾನಿರುವುದು ಬಹರೈನಿನಲ್ಲೇ, 19 ವರ್ಷ ಆಯಿತು. ಇಲ್ಲಿ ಜೆಬೆಲ್ ದುಖಾನ್ ಹತ್ತಿರ ಎಣ್ಣೆ ಸಿಕ್ಕಿದ್ದು 1932ರಲ್ಲಿ. ಕೊಲ್ಲಿಯ ಅರಬ್ ಕಡೆಯಲ್ಲಿ ಅದೇ ಮೊದಲು. ಆ ಬಾವಿ ಈಗಲೂ ಉಂಟು, ಪಕ್ಕದಲ್ಲಿ ಮ್ಯೂಸಿಯಂ ಮಾಡಿದ್ದಾರೆ. 1936ರಲ್ಲಿ ರಿಫೈನರಿ ಶುರುವಾಯಿತು. ಕಂಪನಿಯ ಬಿಳಿಯರಿಗಾಗಿ ಅವಾಲಿ ಅಂತ ಒಂದು ಟೌನೇ ಕಟ್ಟಿದರು. ಆ ಹೊತ್ತಿನಲ್ಲಿ ಬೊಂಬಾಯಿಯಿಂದ ಗುಮಾಸ್ತರು, ಫಿಟ್ಟರು, ಡ್ರೈವರು, ಅಡಿಗೆಯವರು ಅಂತ ಜನ ಬಂದರು. 1934–35ರಲ್ಲಿ ನಿಮ್ಮಜ್ಜ ಬಂದಿದ್ದರೆ ಅದು ಸುಮ್ನೆ ಬಂದದ್ದಲ್ಲ, ಎಣ್ಣೆಯ ಹಿಂದೆ ಬಂದದ್ದು.

ಇನ್ನು ಬಾಂಬು. ನಿಮ್ಮ ಅಜ್ಜಿಗೆ ನಕ್ಕವರೆಲ್ಲ ಹೋಗಿ ತಪ್ಪುಕಾಣಿಕೆ ಹಾಕಿ ಬನ್ನಿ. 1940ರ ಅಕ್ಟೋಬರ್ 19ರ ಬೆಳಗಿನ ಜಾವ ಇಟಲಿಯ ವಿಮಾನಗಳು ಬಹರೈನ್ ರಿಫೈನರಿಗೆ ನಿಜವಾಗಿಯೂ ಬಾಂಬ್ ಹಾಕಿದವು. ಮೆಡಿಟರೇನಿಯನ್ ಸಮುದ್ರದ ರೋಡ್ಸ್ ದ್ವೀಪದಿಂದ ನಾಲ್ಕು ವಿಮಾನ ಹೊರಟು, ಬಾಂಬ್ ಉದುರಿಸಿ, ಅರೇಬಿಯಾ ದಾಟಿ ಎರಿಟ್ರಿಯಾದಲ್ಲಿ ಇಳಿದವು. ಆ ಕಾಲಕ್ಕೆ ಅಷ್ಟು ದೂರ ಹಾರಿದ್ದೇ ದೊಡ್ಡದು. ನಷ್ಟ ಏನೂ ಜಾಸ್ತಿ ಆಗಲಿಲ್ಲ. ಆದರೆ ಕೆಳಗೆ ನಿಂತು ನೋಡಿದವರಿಗೆ ಮರೆಯುವಂಥದ್ದಾ?

ಪಡುಕರೆ

ಇದನ್ನು ಓದಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೊನೆಕೊನೆಗೆ ಅಮ್ಮ ಆ ಕಥೆ ಹೇಳುವುದನ್ನೇ ಬಿಟ್ಟಿದ್ದರು" ಅಂದರು.

ಕಟಪಾಡಿ ಕಟ್ಟೆ

ಎಲ್ಲ ಸರಿ, ಆದರೆ "ಮೊದಲಿಗರು" ಅನ್ನುವುದಕ್ಕೆ ನನ್ನ ಆಕ್ಷೇಪ ಉಂಟು. ನಮ್ಮ ದೊಡ್ಡಜ್ಜ ಅಬಾದಾನಿಗೆ ಹೋದವರು, ಪರ್ಶಿಯಾದ ಎಣ್ಣೆ ರಿಫೈನರಿಗೆ. ಅದು ಶುರುವಾದದ್ದೇ 1912ರಲ್ಲಿ. ಬಾರೇನಿನವರು ಆಮೇಲೆ ಬಂದವರು.

ಬಂದರ್ ಬದಿ

ಮಾರಾಯ್ರೆ, ಹಾಗೆ ನೋಡಿದರೆ ಮೊದಲನೇ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ ಸಿಪಾಯಿ, ಕೂಲಿ, ಗುಮಾಸ್ತ ಅಂತ ಇಂಡಿಯಾದಿಂದ ಲಕ್ಷಗಟ್ಟಲೆ ಜನ ಹೋಗಿದ್ದಾರೆ. ಅದಕ್ಕೂ ಎಷ್ಟೋ ಹಿಂದೆ ಸಿಂಧಿನ ಥಟ್ಟಾ ಊರಿನ ಭಾಟಿಯಾಗಳು ಮನಾಮದಲ್ಲಿ ಮುತ್ತಿನ ವ್ಯಾಪಾರ ಮಾಡಿಕೊಂಡಿದ್ದರು. ಅವರ ಕೃಷ್ಣ ದೇವಸ್ಥಾನಕ್ಕೇ 200 ವರ್ಷ. ಮೊದಲು ಯಾರು ಅಂತ ಜಗಳ ಮಾಡಿದರೆ ಕೊನೆ ಇಲ್ಲ. ಅವರವರ ಊರಿಗೆ ಅವರವರೇ ಮೊದಲು.

ಕಟಪಾಡಿ ಕಟ್ಟೆ

ಆಯ್ತು ಆಯ್ತು. ಆದರೂ ಅಬಾದಾನ್ ಮೊದಲು.

ಫಳ್ನೀರ್

ನಾವು ಕ್ಯಾಥೊಲಿಕರು. ನಮ್ಮಲ್ಲಿ ಈ ಹುಡುಕಾಟ ಸ್ವಲ್ಪ ಸುಲಭ, ಇಗರ್ಜಿಯ ದಾಖಲೆ ಪುಸ್ತಕ ಇದೆ. ಟಿಪ್ಪುವಿನ ಕಾಲದ ಸೆರೆವಾಸ 1784ರಲ್ಲಿ ಶುರುವಾಯಿತಲ್ಲ, ಅದಕ್ಕಿಂತ ಹಿಂದಿನದು ಸಿಗುವುದು ಕಷ್ಟ. ನಂತರದ್ದು ಚೆನ್ನಾಗಿ ಸಿಗುತ್ತದೆ. ನನ್ನ ಅಜ್ಜನ ಅಣ್ಣ ಎಲ್ಲಿ ಹೋದರು ಅಂತ ನಮಗೆ ಹೇಳಿದ್ದು ಜ್ಞಾನಸ್ನಾನದ ಪುಸ್ತಕದ ಅಂಚು. ಪರ ಊರಲ್ಲಿ ಮದುವೆಯಾದರೆ ಅಲ್ಲಿಯ ಪಾದ್ರಿಗಳು ಹುಟ್ಟೂರಿನ ಇಗರ್ಜಿಗೆ ಬರೆದು ತಿಳಿಸಬೇಕು, ಇಲ್ಲಿಯವರು ಅದನ್ನು ಅವನ ಹೆಸರಿನ ಪಕ್ಕದಲ್ಲಿ ಗುರುತು ಹಾಕಬೇಕು. ಸಣ್ಣ ಅಕ್ಷರದಲ್ಲಿ ಲ್ಯಾಟಿನಿನಲ್ಲಿ "ಕರಾಚಿ, 1929" ಅಂತ ಇತ್ತು. ನಾವು ಆಫ್ರಿಕಾದಲ್ಲಿ ಹುಡುಕುತ್ತಿದ್ದೆವು!

ಪಡುಕರೆಯವರಿಗೆ ಇದು ಉಪಯೋಗ ಇಲ್ಲ, ಗೊತ್ತು. ಓದುವ ಬೇರೆಯವರಿಗೆ ಇರಲಿ ಅಂತ ಬರೆದೆ.

ಗದಗಿನ ಗಾಳಿ

ನಮ್ಮ ಕಡೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ಅಂಗಳದಾಗ ನಿಂತು ನಮ್ಮ ಮುತ್ಯಾ, ಅವರ ಮುತ್ಯಾ, ಯಾರು ಯಾವ ಊರಿಂದ ಬಂದರು, ಬರಗಾಲದಾಗ ಯಾರು ಎತ್ತ ಹೋದರು, ಎಲ್ಲ ಹೇಳುತ್ತಾರೆ. ಕಾಳು, ಬಟ್ಟೆ, ರೊಕ್ಕ ಕೊಟ್ಟರೆ ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಕರಾವಳಿಯಲ್ಲಿ ಹಂಗ ಯಾರೂ ಇಲ್ಲೇನು?

ಹಳೇ ದಸ್ತಾವೇಜು

ನಮಸ್ಕಾರ. ನಾನು 38 ವರ್ಷ ದಸ್ತಾವೇಜು ಬರೆದವನು. ಈಗ ನಿವೃತ್ತ. ಮೊದಲಿಂದ ಓದುತ್ತಾ ಬಂದೆ. ಹಡಗು, ಸ್ಟ್ಯಾಂಪು, ಬಾಂಬು ಎಲ್ಲ ಚೆನ್ನಾಗಿದೆ. ಆದರೆ ಮೂಲ ತಪ್ಪು ಎಲ್ಲಿದೆ ಅಂತ ಯಾರೂ ಹೇಳಲಿಲ್ಲ. ತಂಗೀ, ನಿಮ್ಮದು ಅಳಿಯಕಟ್ಟಿನ ಮನೆತನವಾ?

ಪಡುಕರೆ

ಹೌದು ಸರ್.

ಹಳೇ ದಸ್ತಾವೇಜು

ಹಾಗಾದರೆ ನೀವು ಮೂರು ವರ್ಷ ಬೇರೆಯವರ ಮನೆಯಲ್ಲಿ ಹುಡುಕಿದ್ದೀರಿ.

ಅಳಿಯಸಂತಾನದಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯದು. ನಿಮ್ಮ ಅಜ್ಜಿ ಅವರ ತಾಯಿಯ ಕುಟುಂಬದವರು. ಅಜ್ಜಿಯ ಅಪ್ಪ ಆ ಕುಟುಂಬದವರೇ ಅಲ್ಲ! ಅವರು ಅವರ ತಾಯಿಯ ಕುಟುಂಬದವರು. ಹೆಂಡತಿ ಮನೆಯ ಪಟ್ಟೆಯಲ್ಲಿ, ರಶೀದಿಯಲ್ಲಿ ಅವರ ಹೆಸರು ಬರುವುದಕ್ಕೆ ಕಾರಣವೇ ಇಲ್ಲ. ಮಕ್ಕಳಿಗೆ ಪ್ರೀತಿಯ ಅಪ್ಪ ಇರಬಹುದು, ಕಾಗದದ ಮಟ್ಟಿಗೆ ನೆಂಟ ಅಷ್ಟೇ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ತಿಮ್ಮಪ್ಪನವರ ತಾಯಿ ಮನೆ ಯಾವುದು ಅಂತ ಪತ್ತೆ ಮಾಡಿ. ಅಲ್ಲಿಯ ಜಾಗದ ಹಳೇ ಸರ್ವೆ ನಂಬರ್ ತಿಳಿದುಕೊಳ್ಳಿ. 1949ರಲ್ಲಿ ಮದ್ರಾಸಿನವರು ಅಳಿಯಸಂತಾನ ಕಾಯಿದೆ ಮಾಡಿದರು. ದಕ್ಷಿಣ ಕನ್ನಡ 1956ರ ತನಕ ಮದ್ರಾಸಿಗೇ ಸೇರಿತ್ತಲ್ಲ. ಅದರಲ್ಲಿ ಕವರುಗಳಿಗೆ, ಅಂದರೆ ಒಬ್ಬ ತಾಯಿಯಿಂದ ಬಂದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಸಿಕ್ಕಿತು. ಅಲ್ಲಿಯವರೆಗೆ ಒಬ್ಬರು ಒಪ್ಪದಿದ್ದರೂ ಪಾಲಾಗುತ್ತಿರಲಿಲ್ಲ. ಕಾಯಿದೆ ಬಂದದ್ದೇ ಬಂದದ್ದು, ದೊಡ್ಡ ದೊಡ್ಡ ಮನೆಗಳು ಪಾಲಾದವು. ಆ ವಿಭಾಗ ಪತ್ರಗಳಿವೆಯಲ್ಲ, ಅವೇ ನಮ್ಮ ಹೆಳವರು. ಕುಟುಂಬದ ಪ್ರತಿಯೊಬ್ಬರ ಹೆಸರು, ತಾಯಿಯ ಹೆಸರು, ಪ್ರಾಯ, ಕಸುಬು, ವಾಸ, ಎಳೆ ಮಗುವಿನ ತನಕ ಬರೆಯುತ್ತಿದ್ದೆವು. ಒಬ್ಬರನ್ನು ಬಿಟ್ಟರೆ ನಾಳೆ ದಾವೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದನೇ ಪುಸ್ತಕಕ್ಕೆ ಎರಡು ಇಂಡೆಕ್ಸ್ ಇರುತ್ತದೆ. ಒಂದನೆಯದು ಹೆಸರಿನ ಮೇಲೆ, ಎರಡನೆಯದು ಜಾಗದ ಮೇಲೆ. ನಿಮಗೆ ಹೆಸರಿನ ಖಾತ್ರಿ ಇಲ್ಲದ ಕಾರಣ ಎರಡನೆಯದು ಹಿಡಿಯಿರಿ. ವಿಭಾಗ ಪತ್ರ ಒಂದನೇ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ನೀವು ಯಾರು, ಏನು ಸಂಬಂಧ ಅಂತ ಕೇಳಿದರೆ ನಯವಾಗಿ 1908ರ ನೋಂದಣಿ ಕಾಯಿದೆಯ 57ನೇ ಕಲಂ ಅಂತ ಹೇಳಿ. ಆದರೆ ಮುಕ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಇರುವುದು ನಾಲ್ಕನೇ ಪುಸ್ತಕದಲ್ಲಿ, ಅದು ಎಲ್ಲರಿಗೂ ಕೊಡುವುದಿಲ್ಲ.

ಗದಗಿನ ಗಾಳಿ

ಅಪ್ಪ ಮನೆಯವನಲ್ಲ ಅಂದ್ರ! ಎರಡು ಸಲ ಓದಿದೆ ಸರ್.

ಹಳೇ ದಸ್ತಾವೇಜು

ನಮ್ಮಲ್ಲಿ ಮಾವನೇ, ಅಂದರೆ ತಾಯಿಯ ಅಣ್ಣತಮ್ಮನೇ, ಯಜಮಾನ. ನಿಧಾನಕ್ಕೆ ಓದಿ, ಅರ್ಥ ಆಗುತ್ತದೆ.

ಮನಾಮ ಮೂಲೆ

ಆನ್‌ಲೈನಿನಲ್ಲಿ ಹುಡುಕುವವರಿಗೆ ಒಂದು ಮಾತು. ಕತಾರ್ ಡಿಜಿಟಲ್ ಲೈಬ್ರರಿ ಅಂತ ಇದೆ, 2014ರಿಂದ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ (ಬ್ರಿಟಿಷರು ಇಂಡಿಯಾದ ಆಡಳಿತ ನೋಡುತ್ತಿದ್ದ ಇಲಾಖೆ) ಗಲ್ಫ್ ಫೈಲುಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ, ಪುಕ್ಕಟೆ. ಅಲ್ಲಿ ಹೆಸರು ಹಾಕಿ ಹುಡುಕಬೇಡಿ. ಅಡಿಗೆಯವರ, ಫಿಟ್ಟರುಗಳ ಹೆಸರನ್ನು ದೊರೆಗಳು ಎಲ್ಲಿ ಬರೆಯುತ್ತಾರೆ? ಬರೆದರೂ ತಿಮ್ಮಪ್ಪ ಹೋಗಿ ತಿಮಾಪ, ತೆಮಪಾ, ಟಿಮ್ಮಾ ಏನೇನೋ ಆಗಿರುತ್ತದೆ. ಕಂಪನಿಯ ಹೆಸರು, ಕೆಲಸದ ಹೆಸರು, "ಇಂಡಿಯನ್ ಎಂಪ್ಲಾಯೀಸ್" ಅಂತ ಹಾಕಿ. ಒಬ್ಬ ಮನುಷ್ಯ ಸಿಗದಿದ್ದರೂ ಅವನ ದಿನಗಳು ಸಿಗುತ್ತವೆ. ಯಾರಿಗೆ ಎಂಥ ಕ್ವಾರ್ಟರ್ಸು, ಕರಾರು ಎಷ್ಟು ವರ್ಷಕ್ಕೆ, ಅಂಥದ್ದೆಲ್ಲ.

ಸಂಬಳ ಎಲ್ಲ ನಮ್ಮ ರೂಪಾಯಿಯಲ್ಲೇ ಇತ್ತು, ಮರೆಯಬೇಡಿ. 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗೆ ಅಂತಲೇ ಬೇರೆ ನೋಟು ಅಚ್ಚು ಹಾಕಿತು. ಬಹರೈನ್ ದಿನಾರ್ ಬಂದದ್ದು 1965ರಲ್ಲಿ. ನಿಮ್ಮಜ್ಜ ದಿನಾರ್ ನೋಡಿಯೇ ಇರಲಿಕ್ಕಿಲ್ಲ.

ಕಟಪಾಡಿ ಕಟ್ಟೆ

ಅಬಾದಾನಿನವರಿಗೆ ಏನಾದರೂ ಉಂಟಾ?

ಮನಾಮ ಮೂಲೆ

ಉಂಟು. ಅಬಾದಾನ್ ರಿಫೈನರಿ ನಡೆಸುತ್ತಿದ್ದ ಆಂಗ್ಲೋ ಪರ್ಶಿಯನ್ ಕಂಪನಿಯೇ ಮುಂದೆ ಬಿಪಿ (ಬ್ರಿಟಿಷ್ ಪೆಟ್ರೋಲಿಯಂ) ಆದದ್ದು. ಅವರ ದಫ್ತರ ಇಂಗ್ಲೆಂಡಿನ ವಾರಿಕ್ ಯೂನಿವರ್ಸಿಟಿಯಲ್ಲಿದೆ. ಮೇಲ್ ಹಾಕಿ ಕೇಳಿ. 1951ರಲ್ಲಿ ಇರಾನ್ ಕಂಪನಿಯನ್ನು ರಾಷ್ಟ್ರೀಕರಣ ಮಾಡಿತು, ಆ ಹೊತ್ತಿಗೆ ನಿಮ್ಮ ದೊಡ್ಡಜ್ಜ ಎಲ್ಲಿದ್ದರು ಅಂತ ಮೊದಲು ಮನೆಯಲ್ಲಿ ಕೇಳಿಕೊಳ್ಳಿ.

ಪಡುಕರೆ (ಎರಡು ತಿಂಗಳ ನಂತರ)

ತಡವಾಯಿತು, ಕ್ಷಮಿಸಿ. ಹೇಳಲು ಬಹಳ ಉಂಟು.

ತಿಮ್ಮಪ್ಪಜ್ಜನ ತಾಯಿ ಮನೆ ಸಿಕ್ಕಿತು. ನಮ್ಮ ಮನೆಯಿಂದ ಬರೀ ಒಂಬತ್ತು ಕಿಲೋಮೀಟರ್! ಅಮ್ಮನ ಸೋದರತ್ತೆಯ ಕಡೆಯವರು ದಾರಿ ಹೇಳಿದರು. ಹಳೇ ಮನೆ ಬಿದ್ದಿದೆ, ಪಕ್ಕದಲ್ಲಿ ತಾರಸಿ ಮನೆ ಕಟ್ಟಿಕೊಂಡಿದ್ದಾರೆ. ನಾನು ಇಂಥವರ ಮರಿಮಗಳು ಅಂತ ಹೇಳಿದ್ದಕ್ಕೆ ಅಲ್ಲಿಯ ಹಿರಿಯರು ಒಂದು ಲೋಟ ನೀರು, ಬೆಲ್ಲ ಕೊಟ್ಟು, "ಗಂಟೆ ನೋಡಿದಿರಾ?" ಅಂತ ಕೇಳಿದರು. ಯಾವ ಗಂಟೆ ಅಂತ ನನಗೆ ಅರ್ಥವಾಗಲಿಲ್ಲ.

ಮನೆಯ ಹಿಂದೆ ದೈವದ ಗುಡಿ. ಚಾವಡಿಯ ಜಂತಿಗೆ ಕಂಚಿನ ಗಂಟೆ ನೇತು ಹಾಕಿದ್ದಾರೆ, ತೆಂಗಿನಕಾಯಿಯಷ್ಟು ದೊಡ್ಡದು. ನಾಲಿಗೆ ಸವೆದು ಒಂದು ಬದಿ ಚಪ್ಪಟೆ. ಅಂಚಿನ ಸುತ್ತ ಕನ್ನಡ ಅಕ್ಷರ ಕೊರೆದಿದ್ದಾರೆ. ಮಸಿ, ಎಣ್ಣೆ ಕೂತು ಏನೂ ಕಾಣುತ್ತಿರಲಿಲ್ಲ. ಅವರ ಅನುಮತಿ ಕೇಳಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗಂಟೆಯ ಸುತ್ತ ನಾನೇ ತಿರುಗಿ ತಿರುಗಿ ಓದಬೇಕಾಯಿತು. ಅವರ ಹೆಸರು, ಆಮೇಲೆ "ಬಾರೇನ", ಆಮೇಲೆ "1941". ನ ಅಕ್ಷರಕ್ಕೆ ಜಾಗ ಸಾಲದೆ ಕೆಳಗೆ ಚಿಕ್ಕದಾಗಿ ಸೇರಿಸಿದ್ದಾರೆ.

1940ರ ಅಕ್ಟೋಬರಿನಲ್ಲಿ ಬಾಂಬು. 1941ರಲ್ಲಿ ಗಂಟೆ. ಹರಕೆ ಅಂತ ಯಾರೂ ಬರೆದಿಲ್ಲ. ಆದರೆ ನನಗಂತೂ ಬೇರೆ ಏನೂ ತೋಚುತ್ತಿಲ್ಲ.

ಬಂದರ್ ಬದಿ

ಮೈ ಜುಮ್ ಅಂತು ಮಾರಾಯ್ರೆ.

ಹಳೇ ದಸ್ತಾವೇಜು

ಗಂಟೆ ಸರಿ. ವಿಭಾಗ ಪತ್ರ ಏನಾಯಿತು?

ಪಡುಕರೆ

ಅಲ್ಲಿಗೇ ಬಂದೆ ಸರ್. ಸರ್ವೆ ನಂಬರ್ ಆ ಮನೆಯವರೇ ಕೊಟ್ಟರು. ಕಚೇರಿಗೆ ನಾಲ್ಕು ಸಲ ಹೋದೆ. ಮೊದಲ ಸಲ ಪುಸ್ತಕ ಇಲ್ಲ ಅಂದರು. ಎರಡನೇ ಸಲ ಇದೆ, ಆದರೆ ಗೆದ್ದಲು ಹಿಡಿದಿದೆ ಅಂದರು. ಮೂರನೇ ಸಲ ನೀವು ಹೇಳಿದ 57ನೇ ಕಲಂ ಹೇಳಿದೆ. ನಾಲ್ಕನೇ ಸಲ ನಕಲು ಕೈಗೆ ಬಂತು. ಇಸವಿ 1952. 14 ಪುಟ, 31 ಜನ. ನೀವು ಹೇಳಿದ ಹಾಗೆಯೇ ಎಳೆ ಮಗುವೂ ಉಂಟು, "ಹೆಸರಿಡದ ಹೆಣ್ಣು ಶಿಶು, ಪ್ರಾಯ 1 ತಿಂಗಳು" ಅಂತ.

ತಿಮ್ಮಪ್ಪಜ್ಜ 7ನೆಯವರು. "ಪ್ರಾಯ ಸುಮಾರು 44, ಕಸುಬು ಅಡಿಗೆ, ವಾಸ ಹಾಲಿ ಬಾರೇನ್." ಅವರ ಪರವಾಗಿ ತಂಗಿ ರುಜು ಹಾಕಿದ್ದಾರೆ, ಬಾರೇನಿನಿಂದ ಬರೆದು ಕಳಿಸಿದ ಮುಕ್ತ್ಯಾರುನಾಮೆಯ ಮೇಲೆ. ಅವರ ಪಾಲಿಗೆ ಬಂದದ್ದು ಒಂದು ಬಾಕಿಮಾರು ಗದ್ದೆ, ಎಂಟು ತೆಂಗಿನ ಮರ.

ಕಸುಬು ಅಡಿಗೆ! ದೊಡ್ಡ ಆಫೀಸರ್ ಅಲ್ಲ.

ಮನಾಮ ಮೂಲೆ

ಪಡುಕರೆ ಅಕ್ಕ, ಟ್ರಂಕಿನಲ್ಲಿದ್ದ ಆ ಹೂವಿನ ಆಕಾರದ ತಗಡಿನ ಬಟ್ಟಲಿನ ಫೋಟೋ ಹಾಕುತ್ತೀರಾ? ನನಗೊಂದು ಗುಮಾನಿ.

ಪಡುಕರೆ

ಹಾಕಿದ್ದೇನೆ, ನೋಡಿ.

ಮನಾಮ ಮೂಲೆ

ಅದು ಪುಡ್ಡಿಂಗ್ ಅಚ್ಚು ಅಕ್ಕ. ತಳಕ್ಕೆ ಸಕ್ಕರೆ ಕರಗಿಸಿ ಹೊಯ್ದು, ಮೇಲೆ ಹಾಲು ಮೊಟ್ಟೆ ಕದಡಿ ಹಾಕಿ, ಹಬೆಯಲ್ಲಿ ಬೇಯಿಸಿ ತಟ್ಟೆಗೆ ಕವುಚಿ ಹಾಕುವುದು. ದೊರೆಗಳ ಮೆಸ್ಸಿನಲ್ಲಿ ಊಟದ ಕೊನೆಗೆ ಬೇಕೇ ಬೇಕು. ನೀವು ಹೊಯ್ಗೆ ತುಂಬಿಸಿ ಕವುಚುತ್ತಿದ್ದೆವು ಅಂದಿರಲ್ಲ, ಸರಿಯಾಗಿಯೇ ಮಾಡಿದ್ದೀರಿ.

ಪಡುಕರೆ

ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತಕ್ಷಣ ಅಂದದ್ದು: "ಅದಕ್ಕೇ!" ಅಜ್ಜಿ ಅಷ್ಟಮಿಯ ಮರುದಿನ "ಕರಿ ಸಕ್ಕರೆ ಹಾಲು" ಅಂತ ಒಂದು ಮಾಡುತ್ತಿದ್ದರು. ಇಡ್ಲಿ ಅಟ್ಟದಲ್ಲಿ, ಸ್ಟೀಲಿನ ಡಬ್ಬಿಯಲ್ಲಿ. ಸಕ್ಕರೆ ಕಪ್ಪಾಗುವ ತನಕ ಬಿಡಬೇಕು, ಇನ್ನೂ ಒಂದು ಗಳಿಗೆ ಬಿಟ್ಟರೆ ಕಹಿ. ಆ ಒಂದು ಗಳಿಗೆ ಅಜ್ಜಿ ಯಾರನ್ನೂ ಒಲೆ ಹತ್ತಿರ ಬಿಡುತ್ತಿರಲಿಲ್ಲ. ನಮ್ಮ ಊರಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ. ಎಲ್ಲಿಂದ ಕಲಿತರು ಅಂತ ನಾವು ಯಾರೂ ಕೇಳಲಿಲ್ಲ.

ಫಳ್ನೀರ್

ಅಂಚೆಚೀಟಿ ಅಣ್ಣನಿಗೂ ದಸ್ತಾವೇಜು ಸರ್‌ಗೂ ಒಂದೊಂದು ಪ್ಲೇಟ್ ಕಳಿಸಿ.

ಕಟಪಾಡಿ ಕಟ್ಟೆ

ನಿಮ್ಮ ಮಾವ ಏನಂದರು? 1925, ಆಫೀಸರ್ ಅಂದವರು?

ಪಡುಕರೆ

ಮನೆಯ ವಾಟ್ಸ್ಯಾಪ್ ಗ್ರೂಪಿಗೆ ವಿಭಾಗ ಪತ್ರದ ಫೋಟೋ ಹಾಕಿದೆ. ಮಾವ ನೋಡಿದ್ದಾರೆ, ಎರಡು ದಿನ ಮಾತಿಲ್ಲ. ನಿನ್ನೆ ರಾತ್ರಿ ಬರೆದರು: "ಬರೀ ಅಡಿಗೆ ಅಂತ ಇದ್ದರೆ ಸಾಕಾ? ಹೆಡ್ ಕುಕ್ ಇರಬೇಕು. ಸರಿಯಾಗಿ ವಿಚಾರಿಸು."